ಕೋಳಿಯನ್ನು ಕೇಳದೆ

ಕಾವಿಗೆ ಇಡುವ ಮೊದಲು ಅವ್ವ ಒಂದೊಂದೇ ಮೊಟ್ಟೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ್ದಳು. ತುದಿ ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಯಾಟೆ ಎಂಬುದು ಅವಳ ಶಾಸ್ತ್ರ. ಚೂಪಿನವೆಲ್ಲ ನಮಗೆ ಆಮ್ಲೆಟ್ಟಾದವು. ದುಂಡಗಿನವನ್ನು ಬೆಸಸಂಖ್ಯೆ ನೋಡಿಕೊಂಡು, ಹನ್ನೊಂದನ್ನು, ಹುಲ್ಲು ಹಾಸಿದ ಕುಕ್ಕೆಯಲ್ಲಿ ಮಡಗಿ ಮೇಲೆ ಕೋಳಿ ಕೂರಿಸಿದಳು. ಇಪ್ಪತ್ತೊಂದು ದಿನಕ್ಕೆ ಪಿಳ್ಳೆಗಳು ಚಿಪ್ಪು ಒಡೆದವು. ಎರಡು ಮೊಟ್ಟೆ ಒಡೆಯಲೇ ಇಲ್ಲ. ಒಂದು ಪಿಳ್ಳೆಯನ್ನು ಹದ್ದು, ಇನ್ನೊಂದನ್ನು ಮುಂಗುಸಿ ತಮ್ಮ ಪಾಲೆಂದು ಒಯ್ದವು. ಉಳಿದವು ಬೆಳೆದು ಜುಟ್ಟು ಕೆಂಪಾಗುವ ಹೊತ್ತಿಗೆ ನೋಡಿದರೆ ಐದು ಹುಂಜ, ಎರಡು ಯಾಟೆ. ಅವ್ವ ಶಾಸ್ತ್ರವನ್ನು ಬಿಟ್ಟುಕೊಡಲಿಲ್ಲ. ಮೊಟ್ಟೆ ಕೊಟ್ಟವನು ನಮ್ಮ ಬಡಾವಣೆಗೆ ಹಾಲು ಹಾಕುವ ಹುಡುಗ. "ಟೌನ್ ಮೊಟ್ಟೆ ಕಣ್ಲಾ, ನಂಬಂಗಿಲ್ಲ" ಅಂದು ಕೈ ತೊಳೆದುಕೊಂಡಳು.

ಹೈಸ್ಕೂಲಿನ ವಿಜ್ಞಾನ ಓದಿದ ನನ್ನ ಮಗಳು ಬೇರೆ ವಿವರಣೆ ಕೊಟ್ಟಳು. ಮನುಷ್ಯರಲ್ಲಿ ಹುಟ್ಟುವುದು ಗಂಡೋ ಹೆಣ್ಣೋ ಎಂಬುದು ಅಪ್ಪನ ಕಡೆಯಿಂದ ಬರುವ ವರ್ಣತಂತುವಿನ ಮೇಲೆ ನಿಂತಿದ್ದರೆ, ಹಕ್ಕಿಗಳಲ್ಲಿ ಅದು ಅಮ್ಮನ ಕಡೆಯದಂತೆ. ಅಂದರೆ ಸೊಸೆ ಬರೀ ಹೆಣ್ಣು ಹೆತ್ತಳೆಂದು ನಮ್ಮೂರ ಅತ್ತೆಯರು ತಲೆಮಾರುಗಟ್ಟಲೆ ಬಯ್ದ ಬೈಗುಳ ಕೋಳಿಗೂಡಿನಲ್ಲಾದರೂ ನ್ಯಾಯವಾಗುತ್ತಿತ್ತು. ವಿಳಾಸ ತಪ್ಪಿ ಮನುಷ್ಯರ ಮನೆಗೆ ಬಂದಿದೆ.

ಐದು ಹುಂಜ ಎನ್ನುವುದು ಹಳ್ಳಿಯಲ್ಲಾದರೆ ಸಮಸ್ಯೆಯೇ ಅಲ್ಲ, ಆಸ್ತಿ. ಹತ್ತು ಯಾಟೆಗೆ ಒಂದು ಹುಂಜ ಸಾಕು. ಮಿಕ್ಕವುಗಳ ಹಣೆಬರಹವನ್ನು ಪಂಚಾಂಗ ಬರೆಯುತ್ತದೆ. ಯುಗಾದಿಯ ಮರುದಿನ ಹೊಸತೊಡಕು ಬರುತ್ತದೆ, ಮಾರಿಹಬ್ಬ ಬರುತ್ತದೆ, ಇವೆರಡೂ ದೂರವಿದ್ದರೆ ಅಳಿಯನಾದರೂ ಬರುತ್ತಾನೆ. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ಹುಟ್ಟಿದ್ದೇ ಇಂಥ ಕಡೆ. ಆದರೆ ನಮ್ಮದು ಮಂಡ್ಯದ ಅಂಚಿನ ಬಡಾವಣೆ. ಮೊನ್ನೆಮೊನ್ನೆವರೆಗೆ ಕಬ್ಬಿನ ಗದ್ದೆ, ಈಗ ಮೂವತ್ತು ನಲವತ್ತರ ಸೈಟುಗಳು. ಮನೆಯ ಹಿಂದೆ ಉಳಿದ ಚೂರು ಜಾಗವನ್ನು ನನ್ನಾಕೆ ಯುಟಿಲಿಟಿ ಎಂದಳು, ಅವ್ವ ಹಿತ್ತಿಲು ಎಂದಳು. ಗೆದ್ದವಳು ಅವ್ವ. ಅದಕ್ಕಿಂತ ದೊಡ್ಡ ತೊಡಕೆಂದರೆ ಮಗಳು ಐದಕ್ಕೂ ಹೆಸರಿಟ್ಟುಬಿಟ್ಟಿದ್ದಳು. ಹೆಸರಿಟ್ಟ ಕೋಳಿಗೆ ಮಸಾಲೆ ಹತ್ತುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಆಮೇಲೆ ಹುಟ್ಟಿಕೊಂಡ ಗಾದೆ.

ಕೆಂಪು ಮೈ, ಹಸಿರು ಮಿಂಚುವ ಬಾಲದವನು ಕ್ಯಾಪ್ಟನ್. ಬಿಳಿಯ ಮೈಯವನು, ಗಾತ್ರಕ್ಕೂ ಗಂಟಲಿಗೂ ಸಂಬಂಧವಿಲ್ಲದವನು, ಮೈಕಾಸುರ. ಚುಕ್ಕೆ ಚುಕ್ಕೆಯವನು ಚುಕ್ಕಿ. ಕತ್ತಿನಲ್ಲಿ ಪುಕ್ಕವಿಲ್ಲದವನು ಬೋಳಣ್ಣ. ಎಲ್ಲರೂ ತಿಂದು ಹೋದ ಮೇಲೆ ಬಂದು ನೆಲ ಕೆದಕುವವನು ಪಾಪಣ್ಣ.

ಹುಂಜದ ಮರಿಗೆ ಮೊದಲು ದನಿ ಒಡೆಯುವ ದಿನಗಳಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದುಹೋದ ಬೋರ್‌ವೆಲ್ಲಿನ ಹ್ಯಾಂಡ್‌ಪಂಪು ಒತ್ತಿದ ಸದ್ದು ಅದು: ಅರ್ಧ ಗಾಳಿ, ಅರ್ಧ ಕಬ್ಬಿಣ, ಕೊನೆಗೆ ಏನೂ ಇಲ್ಲ. ಕೂಗಿದ ಮೇಲೆ ಅದೇ ಬೆಚ್ಚಿ, ಕೂಗಿದ್ದು ಬೇರೆ ಯಾರೋ ಎಂಬಂತೆ ಹಿಂದೆ ತಿರುಗಿ ನೋಡುತ್ತದೆ. ಇದು ಸ್ವಲ್ಪ ದಿನದ ಮಾತು. ಆಮೇಲೆ ದನಿ ಕೂರುತ್ತದೆ. ಸಂಸ್ಕೃತ ವ್ಯಾಕರಣದವರು ಹ್ರಸ್ವ, ದೀರ್ಘ, ಪ್ಲುತ ಎಂಬ ಮೂರು ಅಳತೆಗೆ ಕೋಳಿಯ ಕೂಗನ್ನೇ ಉದಾಹರಣೆ ಕೊಡುತ್ತಾರೆ. ಪ್ಲುತವನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದನ್ನು ಅವರು ಮೈಕಾಸುರನಿಂದ ಕಲಿಯಬೇಕಿತ್ತು.

ಬೆಳಗಿನ ನಾಲ್ಕೂವರೆಗೆ ಕ್ಯಾಪ್ಟನ್ ಶುರು ಮಾಡುತ್ತಿದ್ದ. ಅವನದು ಮುಗಿಯುವಷ್ಟರಲ್ಲಿ ಮೈಕಾಸುರ, ಅವನ ಬೆನ್ನಿಗೆ ಚುಕ್ಕಿ, ಬೋಳಣ್ಣ. ಒಂದು ಸುತ್ತು ಮುಗಿದರೆ ಮತ್ತೊಂದು ಸುತ್ತು. ಪಾಪಣ್ಣ ಮಾತ್ರ ಆ ಹೊತ್ತಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹನ್ನೊಂದು ಗಂಟೆಗೆ, ದೊಡ್ಡವರೆಲ್ಲ ಮಣ್ಣಿನಲ್ಲಿ ಹೊರಳುವಾಗ, ಗೋಡೆ ಮೂಲೆಗೆ ಹೋಗಿ ಒಂದು ಸಲ ಮೆತ್ತಗೆ ಅಂದು ಬರುತ್ತಿದ್ದ.

ಪಕ್ಕದ ಮನೆಯ ಹುಡುಗ ಸಾಫ್ಟ್‌ವೇರಿನವನು. ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದವನು ಇಲ್ಲೇ ಉಳಿದಿದ್ದಾನೆ. ದೇಹ ಮಂಡ್ಯದಲ್ಲಿ, ಗಡಿಯಾರ ಅಮೆರಿಕದಲ್ಲಿ. ಅಲ್ಲಿಯವರ ಕಚೇರಿ ಮುಗಿದು ಅವನು ದಿಂಬಿಗೆ ತಲೆ ಕೊಡುವುದು ಬೆಳಗಿನ ನಾಲ್ಕಕ್ಕೆ. ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಕ್ಯಾಪ್ಟನ್. ಒಂದು ಭಾನುವಾರ ಗೇಟಿನ ಹತ್ತಿರ ಬಂದು ನಿಂತ. ಜಗಳ ಆಡಲಿಲ್ಲ, ಆಡಿದ್ದರೆ ನಮಗೆ ಸುಲಭವಾಗುತ್ತಿತ್ತು. "ಅಂಕಲ್, ತಪ್ಪು ತಿಳ್ಕೋಬೇಡಿ" ಎಂದು ಫೋನು ತೋರಿಸಿದ. ಸದ್ದು ಅಳೆಯುವ ಆ್ಯಪ್ ಹಾಕಿಕೊಂಡು ತನ್ನ ಹಾಸಿಗೆ ಮೇಲಿಂದಲೇ ಅಳೆದಿದ್ದ. ಗೆರೆಗಳು ಗುಡ್ಡದಂತೆ ಎದ್ದೆದ್ದು ನಿಂತಿದ್ದವು. ಮೈಕಾಸುರನದು ಯಾವುದೆಂದು ಹೇಳಿಕೊಡಬೇಕಾಗಿರಲಿಲ್ಲ.

ಅವ್ವ ಒಳಗಿನಿಂದ ಬಂದು, "ನೀ ಮನಿಕಳೋ ಹೊತ್ಗೆ ಅದು ಏಳ್ತದೆ ಕಣ್ ಮಗ. ನಿಮ್ಮಿಬ್ರಲ್ಲಿ ಯಾರ್ ಸರಿ ಅನ್ನದ ನೇಸ್ರುನ್ನೇ ಕೇಳು" ಅಂದಳು. ಆ ಮೇಲೆ ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿ ಏನನಿಸಿತೋ, ಎರಡು ಮೊಟ್ಟೆ ತಂದು ಕೈಗಿಟ್ಟಳು. ಅವನು ಮೊಟ್ಟೆ ತಗೊಂಡ. ಅಹವಾಲು ವಾಪಸ್ ತಗೊಳ್ಳಲಿಲ್ಲ.

ಕಾನೂನು ಏನು ಹೇಳುತ್ತದೆಂದು ನಾನು ನೋಡಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ವಸತಿ ಪ್ರದೇಶದಲ್ಲಿ ಆ ಹೊತ್ತಿಗೆ 45 ಡೆಸಿಬಲ್ ಮಿತಿ. ಧ್ವನಿವರ್ಧಕ, ಹಾರ್ನು, ಪಟಾಕಿ, ಕಟ್ಟಡ ಕಟ್ಟುವ ಯಂತ್ರ ಎಲ್ಲದರ ಮಾತು ಅದರಲ್ಲಿದೆ. ಹುಂಜದ ಹೆಸರಿಲ್ಲ. ಹುಂಜವೋ, ಹತ್ತಿರ ನಿಂತು ಅಳೆದರೆ ನೂರು ಡೆಸಿಬಲ್ ದಾಟುವ ಪ್ರಾಣಿ. ಅದಕ್ಕೇ ಕಿವುಡು ಬರುವುದಿಲ್ಲವೇ ಎಂದು ಬೆಲ್ಜಿಯಂನ ಸಂಶೋಧಕರು ಪರೀಕ್ಷಿಸಿದ್ದಾರೆ. ಕೊಕ್ಕನ್ನು ಪೂರ್ತಿ ತೆರೆದಾಗ ಹುಂಜದ ಕಿವಿಯ ನಾಳ ತಾನಾಗಿ ಮುಚ್ಚಿಕೊಳ್ಳುತ್ತದಂತೆ. ಬಾಯಿ ತೆರೆದೊಡನೆ ಕಿವಿ ಮುಚ್ಚಿಕೊಳ್ಳುವ ಇನ್ನೂ ಕೆಲವರನ್ನು ನಾನು ಸಭೆಗಳ ವೇದಿಕೆ ಮೇಲೆ ನೋಡಿದ್ದೇನೆ, ಅವರ ಮೇಲೆ ಸಂಶೋಧನೆ ಆದಂತಿಲ್ಲ.

ಫ್ರಾನ್ಸಿನಲ್ಲಿ ಇದು ಕೋರ್ಟಿಗೇ ಹೋಗಿತ್ತು. ಒಲೆರಾನ್ ಎಂಬ ದ್ವೀಪದಲ್ಲಿ ಮೊರೀಸ್ ಎಂಬ ಹುಂಜ. ರಜೆ ಕಳೆಯಲು ಮನೆ ಮಾಡಿಕೊಂಡಿದ್ದ ನೆರೆಯವರು ಅದರ ಕೂಗಿನ ಮೇಲೆ ದಾವೆ ಹೂಡಿದರು. 2019ರ ಸೆಪ್ಟೆಂಬರಿನಲ್ಲಿ ಕೋರ್ಟು ಹುಂಜದ ಪರ ತೀರ್ಪಿತ್ತಿತು. 2021ರ ಜನವರಿಯಲ್ಲಿ ಹಳ್ಳಿಗಾಡಿನ ಸದ್ದು, ವಾಸನೆಗಳನ್ನು ಪರಂಪರೆಯೆಂದು ಗುರುತಿಸುವ ಕಾನೂನೇ ಬಂತು. ಅಷ್ಟರಲ್ಲಿ ಮೊರೀಸ್ ತೀರಿಕೊಂಡಿತ್ತು. ಅವ್ವನಿಗೆ ಈ ಕತೆ ಹೇಳಿದೆ. ಗೆದ್ದಿದ್ದಕ್ಕೆ ಖುಷಿಪಡುತ್ತಾಳೆಂದುಕೊಂಡರೆ, "ಕೋಳಿ ಕೂಗದ್ನ ಉಳಿಸ್ಕಳಕ್ಕೆ ಲಾಯರ್ರು ಬೇಕಾಯ್ತಾ?" ಎಂದು ಆ ದೇಶದ ಬಗ್ಗೆ ಮರುಗಿದಳು.

ಸುಮ್ಮನಿರಿಸುವ ಉಪಾಯಗಳನ್ನು ಹೇಳುವವರು ಮನೆಗೆ ಬರಲು ಶುರುವಾದರು. ಹುಂಜ ಕತ್ತು ನಿಗುರಿಸದೆ ಕೂಗಲಾರದು, ಆದ್ದರಿಂದ ತಗ್ಗು ಸೂರಿನ ಪೆಟ್ಟಿಗೆಯಲ್ಲಿ ಮಲಗಿಸಿ ಎಂದರೊಬ್ಬರು. ಇನ್ನೊಬ್ಬರು ಅಮೆರಿಕದಲ್ಲಿ ಕತ್ತಿಗೆ ಬಿಗಿಯುವ ಪಟ್ಟಿ ಸಿಗುತ್ತದೆ, ಕೂಗುವಷ್ಟು ಗಾಳಿಯೇ ಬಾರದಂತೆ ಹಿಡಿದಿಡುತ್ತದೆ ಎಂದು ಫೋಟೋ ತೋರಿಸಿದರು. ಅವ್ವ ಆ ಫೋಟೋವನ್ನು ಬಹಳ ಹೊತ್ತು ನೋಡಿದಳು. "ಇದ್ಕಿಂತ ಕುಯ್ಯದೇ ಮರ್ವಾದೆ" ಅಂದಳು.

ನನ್ನಾಕೆಯ ಸಲಹೆ ಸರಳವಾಗಿತ್ತು: ಮೊದಲು ಕೂಗುವವನನ್ನು ಕಳಿಸಿಬಿಟ್ಟರೆ ಉಳಿದವು ತಾವಾಗಿ ಮಲಗಿರುತ್ತವೆ. ಪರೀಕ್ಷೆಗೆಂದು ಕ್ಯಾಪ್ಟನ್ನನನ್ನು ಒಂದು ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಸ್ಟೋರ್ ರೂಮಿನಲ್ಲಿಟ್ಟೆವು. ನಾಲ್ಕೂವರೆಗೆ ಮೈಕಾಸುರ ಶುರು ಮಾಡಿದ. ಅದೇ ಹೊತ್ತು, ದನಿ ಎರಡರಷ್ಟು. ಸ್ಟೋರ್ ರೂಮಿನೊಳಗಿಂದ ಕ್ಯಾಪ್ಟನ್ ಕೂಡ, ಕತ್ತಲಲ್ಲೇ. ಅಂದರೆ ಅಂದಿನ ಬೆಳಗು ಎರಡು ಆವೃತ್ತಿಗಳಲ್ಲಿ ಪ್ರಕಟವಾಯಿತು.

ಜಪಾನಿನ ನಗೋಯಾ ವಿಶ್ವವಿದ್ಯಾಲಯದವರಿಗೆ ಇದು ಮೊದಲೇ ಗೊತ್ತಿತ್ತು. 2013ರಲ್ಲಿ ಅವರು ಹುಂಜಗಳನ್ನು ಹಗಲಿಲ್ಲದ ಮಂಕು ಬೆಳಕಿನಲ್ಲಿಟ್ಟು ನೋಡಿದರು. ಅವು ಹೊರಗಿನ ಬೆಳಕಿಗೆ ಕಾಯದೆ ತಮ್ಮ ಮೈಯೊಳಗಿನ ಗಡಿಯಾರದಂತೆ ಕೂಗಿದವು. ಬೆಳಕು ಹರಿಯುವುದಕ್ಕೆ ಎರಡು ಗಂಟೆ ಮುಂಚೆಯೇ ಅವುಗಳ ಪಾಲಿಗೆ ಬೆಳಗು. ಎರಡು ವರ್ಷದ ಮೇಲೆ ಅವರೇ ಇನ್ನೊಂದು ಸಂಗತಿ ಹೇಳಿದರು: ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಯಜಮಾನ ಹುಂಜದ್ದು. ಮಿಕ್ಕವು ಅದಕ್ಕಾಗಿ ಕಾದು, ಅಂತಸ್ತಿನ ಪ್ರಕಾರ ಒಂದರ ಹಿಂದೊಂದು ಕೂಗುತ್ತವೆ. ಯಜಮಾನನನ್ನು ತೆಗೆದರೆ ಎರಡನೆಯದು ಆ ಜಾಗಕ್ಕೆ ಬರುತ್ತದೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನಿಗೆ ಇದನ್ನು ಪ್ರಯೋಗಾಲಯದವರು ಹೇಳಬೇಕಿರಲಿಲ್ಲ. ಸಾಹೇಬರು ವರ್ಗವಾದ ಮರುದಿನವೇ ಗಂಟಲು ಸರಿಮಾಡಿಕೊಳ್ಳುವ ಎಷ್ಟು ಪಾಪಣ್ಣಗಳನ್ನು ನಾನು ನೋಡಿಲ್ಲ!

ಹಾಗಾಗಿ ದನಿ ನೋಡಿ ಆರಿಸುವುದರಲ್ಲಿ ಅರ್ಥವಿರಲಿಲ್ಲ. ಯಾರನ್ನು ಉಳಿಸಿಕೊಂಡರೂ ಅವನು ಕೂಗುವವನೇ. ಒಬ್ಬನನ್ನೇ ಉಳಿಸಿಕೊಂಡರೆ ಸವಾಲು ಜವಾಬು ನಿಲ್ಲುತ್ತದೆ, ಅಷ್ಟೇ ಲಾಭ. ಒಬ್ಬನೂ ಬೇಡವೆಂದರೆ? ಮೊಟ್ಟೆ ಇಡಲು ಯಾಟೆಗೆ ಹುಂಜ ಬೇಕಿಲ್ಲ, ಮರಿಯಾಗುವುದಕ್ಕೆ ಮಾತ್ರ ಬೇಕು. ಇದನ್ನು ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಾನೇ ಹೇಳಿದೆ. ಅವ್ವ ಮುದ್ದೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ಏನೂ ಅನ್ನಲಿಲ್ಲ. ಮುದ್ದೆ ತಟ್ಟೆಯಲ್ಲೇ ಉಳಿಯಿತು.

ಕಾರಣ ಮಗಳಿಂದ ಗೊತ್ತಾಯಿತು. ಅಪ್ಪ ಹೋದ ಮೇಲೆ ಅವ್ವ ನಾಗಮಂಗಲದ ಕಡೆಯ ನಮ್ಮೂರು ಬಿಟ್ಟು ಇಲ್ಲಿಗೆ ಬಂದವಳು. ರಾತ್ರಿ ಮೂರಕ್ಕೆಲ್ಲ ಅವಳಿಗೆ ಎಚ್ಚರ. ಎದ್ದು ಲೈಟು ಹಾಕಿದರೆ, ಬಚ್ಚಲಲ್ಲಿ ಚೊಂಬು ಸದ್ದಾದರೆ, ನಾವು ಕೋಣೆಯಿಂದ "ಯಾಕವ್ವಾ, ಹುಷಾರಿಲ್ವಾ?" ಎಂದು ಕೂಗುತ್ತೇವೆ. ಆದ್ದರಿಂದ ಅಲ್ಲಾಡದೆ ಮಲಗಿರುತ್ತಾಳೆ. "ಕೋಳಿ ಕೂಗಕ್ಕೆ ಮುಂಚೆ ಎದ್ರೆ ಕಾಯ್ಲೆ ಅಂತಾರೆ ಕಣವ್ವ, ಕೂಗಿದ್‌ಮೇಲೆ ಎದ್ರೆ ಬೆಳಗಾಯ್ತು ಅಂತಾರೆ" ಎಂದು ಮೊಮ್ಮಗಳಿಗೆ ಹೇಳಿದ್ದಳಂತೆ.

ಊರಿನಲ್ಲಿ ಅವಳಿಗೆ ಹೊತ್ತನ್ನು ಹಾಗೆಯೇ ಅಳೆದು ಗೊತ್ತು. ಮೊದಲ ಕೋಳಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂತರೆ ಎರಡನೇ ಕೋಳಿಗೆ ರಾಗಿ ಹಿಟ್ಟಾಗಿರಬೇಕು. ಸಂತೆಗೆ ಹೋಗುವ ಗಾಡಿಗಳು ಕೋಳಿ ಕೂಗಿಗೆ ನೊಗ ಎತ್ತುತ್ತಿದ್ದವು. ಮಿಲ್ಲು ಬಂದು ಬೀಸುವ ಕಲ್ಲು ಹಿತ್ತಿಲು ಸೇರಿತು, ಅದರ ಜೊತೆಗೇ ಬೀಸುವ ಪದಗಳೂ. ಈಗ ನಮ್ಮೂರಲ್ಲಿ ನಡುರಾತ್ರಿ ಜನ ಏಳುವುದು ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬಂತೆಂದು. ಅದು ಬರುವ ಹೊತ್ತನ್ನು ಹೇಳುವ ಹಕ್ಕಿಯನ್ನು ದೇವರು ಇನ್ನೂ ಸೃಷ್ಟಿಸಿಲ್ಲ. ಹಾಗೆಂದು ಕೋಳಿಯ ಗಡಿಯಾರ ಯಾವತ್ತೂ ತಪ್ಪಿಲ್ಲವೆಂದೇನಲ್ಲ. ಗೌತಮ ಋಷಿ ನಡುರಾತ್ರಿಯಲ್ಲೇ ಕಮಂಡಲ ಹಿಡಿದು ಹೊಳೆಗೆ ಹೋದದ್ದು ಒಂದು ಸುಳ್ಳು ಕೋಳಿಕೂಗು ನಂಬಿ. ನಮ್ಮ ಮೈಕಾಸುರನೂ ಬೈಕಿನ ಹೆಡ್‌ಲೈಟ್ ಗೋಡೆಗೆ ಬಿದ್ದರೆ ಸಾಕು, ಹನ್ನೆರಡಕ್ಕೇ ಬೆಳಗು ಘೋಷಿಸುತ್ತಿದ್ದ.

ಒಬ್ಬನನ್ನು ಉಳಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಯಾರನ್ನು ಎಂಬ ಪರೀಕ್ಷೆಯನ್ನು ಅವ್ವನೇ ನಡೆಸಿದಳು. ಪ್ರಶ್ನೆಪತ್ರಿಕೆ ಒಂದು ಹಿಡಿ ನುಚ್ಚಕ್ಕಿ. ಹಿತ್ತಿಲಿನ ನಡುವೆ ಎರಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೋಡಿದಳು. ನಾನೂ ನೋಡಿದೆ, ನಿವೃತ್ತನಾದವನಿಗೆ ಬೇರೇನು ಕೆಲಸ.

ಕ್ಯಾಪ್ಟನ್ ಕಾಳಿನ ಹತ್ತಿರ ಹೋಗಿ, ಕೊಕ್ಕಿನಿಂದ ಎತ್ತಿ ಕೆಳಗೆ ಹಾಕಿ, ಗಂಟಲೊಳಗೇ ಕುಟುಕುಟು ಎಂದು ಯಾಟೆಗಳನ್ನು ಕರೆದ. ಅವು ಓಡಿಬಂದವು. ಅವು ತಿನ್ನುವವರೆಗೆ ಅವನು ಒಂದು ಕಾಳೂ ಮುಟ್ಟಲಿಲ್ಲ, ತಲೆ ಓರೆ ಮಾಡಿ ಆಕಾಶ ನೋಡುತ್ತ ನಿಂತ. ಮೈಕಾಸುರ ಇನ್ನೊಂದು ಮೂಲೆಯಲ್ಲಿ ಅದೇ ಕುಟುಕುಟು ಮಾಡಿದ. ಯಾಟೆಗಳು ಅಲ್ಲಿಗೂ ಓಡಿದವು. ನೋಡಿದರೆ ಬರೀ ನೆಲ. ಕಾಳಿಲ್ಲದೆ ಕರೆಯುವ ಈ ವಿದ್ಯೆಯನ್ನು ಹಕ್ಕಿಗಳ ವರ್ತನೆ ಓದುವವರು ಬಹಳ ಹಿಂದೆಯೇ ಗುರುತಿಸಿ ಬರೆದಿದ್ದಾರೆ. ಅವ್ವ ಬರೆಯಲಿಲ್ಲ, "ಕಳ್ನನ್ಮಗ" ಅಂದಳು. ಬೋಳಣ್ಣ ಯಾರನ್ನೂ ಕರೆಯಲಿಲ್ಲ, ತಲೆ ತಗ್ಗಿಸಿದವನು ಎತ್ತಿದ್ದು ನೆಲ ಖಾಲಿಯಾದ ಮೇಲೆ. ಚುಕ್ಕಿ ಪರೀಕ್ಷೆಗೇ ಕೂರದೆ ಮಗಳ ಮೀನಖಂಡ ಕುಕ್ಕಲು ಬಂದ.

ಪಾಪಣ್ಣ ಬೇಲಿಯ ಪಕ್ಕ ನಿಂತಿದ್ದ. ಇದ್ದಕ್ಕಿದ್ದಂತೆ ಅವನ ಗಂಟಲಿಂದ ತೆಳ್ಳಗೆ, ಉದ್ದಕ್ಕೆ ಒಂದು ಸದ್ದು ಬಂತು. ಯಾಟೆಗಳು ದಾಸವಾಳದ ಗಿಡದಡಿ ನುಗ್ಗಿದವು, ಕ್ಯಾಪ್ಟನ್ನೂ ನುಗ್ಗಿದ. ಆಮೇಲೆ ನಮಗೆ ಹದ್ದು ಕಾಣಿಸಿತು. ನೆಲದ ಮೇಲೆ ಬರುವ ನಾಯಿ ಬೆಕ್ಕಿಗೆ ಒಂದು ಕೂಗು, ಮೇಲಿಂದ ಬರುವ ಹದ್ದಿಗೆ ಬೇರೆ ಕೂಗು ಎಂಬುದು ಕೋಳಿ ಸಾಕಿದವರಿಗೆಲ್ಲ ಗೊತ್ತು. ಹದ್ದನ್ನು ಮೊದಲು ಕಂಡವನು ಊಟಕ್ಕೆ ಕೊನೆಗೆ ಬರುವವನು ಎಂಬುದು ಮಾತ್ರ ನನಗೆ ಅವತ್ತೇ ಗೊತ್ತಾದದ್ದು. ನನಗೆ ಪಾಪಣ್ಣನ ಮೇಲೆ ಮನಸ್ಸಾಯಿತು. ದನಿ ಕಮ್ಮಿ, ಜವಾಬ್ದಾರಿ ಜಾಸ್ತಿ, ಪಕ್ಕದ ಹುಡುಗನಿಗೂ ನಿದ್ದೆ. ಜಪಾನಿನವರ ಮಾತನ್ನು ಮರೆತು ವಕಾಲತ್ತು ಮಾಡಿದೆ.

ಅವ್ವ ಒಪ್ಪಲಿಲ್ಲ. ಅವಳ ಲೆಕ್ಕ ಬೇರೆ. ಇಲ್ಲಿ ಎರಡು ಯಾಟೆ, ಹಳೆಯದು ಮೂರು. ಕ್ಯಾಪ್ಟನ್ ಸಾಕು, ಅವನಿಗೆ ಉಣಿಸಿ ಉಣ್ಣುವುದು ಗೊತ್ತು. ಊರಿನಲ್ಲಿ ಸೋದರಮಾವನ ಹಟ್ಟಿಗೆ ಕೊಕ್ಕರೆ ರೋಗ ಬಂದು ಹುಂಜ ಸತ್ತಿತ್ತು. ಬಯಲಿನಲ್ಲಿ ಮೇಯುವ ಯಾಟೆಗಳಿಗೆ ಹದ್ದು ಕಾಣುವ ಕಣ್ಣು ಬೇಕು. ಪಾಪಣ್ಣ ಅಲ್ಲಿಗೆ. ಅಲ್ಲಿ ಅವನ ಮೇಲೆ ಯಾರೂ ಇಲ್ಲ.

ಮಿಕ್ಕ ಮೂವರ ವಿಚಾರ ಬೇಗ ಮುಗಿಸುತ್ತೇನೆ. ಬೋಳಣ್ಣನನ್ನು ಹಾಲಿನ ಹುಡುಗ ವಾಪಸ್ ತಗೊಂಡ. ಮೈಕಾಸುರನನ್ನು ಊರಾಚೆಯ ತೋಟದ ಮನೆಯ ಪರಿಚಯದವರೊಬ್ಬರು, ಸುತ್ತ ಒಂದು ಮೈಲಿ ಯಾರೂ ಇಲ್ಲ ಎಂಬ ಭರವಸೆ ಕೊಟ್ಟು ಒಯ್ದರು. ಚುಕ್ಕಿಯನ್ನು ಕೇಳಿಕೊಂಡು ಒಬ್ಬರು ಬಂದರು. ಹೊಸತೊಡಕಿಗೆ ನಾಲ್ಕು ದಿನವಿತ್ತು, ಹೇಳಿದ ಬೆಲೆಗೆ ಚೌಕಾಸಿ ಮಾಡಲಿಲ್ಲ. ಸಾಕಲಿಕ್ಕಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಗಳು ಶಾಲೆಗೆ ಹೋಗಿದ್ದಳು.

ಅವತ್ತು ಸಂಜೆ ನನಗೆ ಜನ್ನನ ಯಶೋಧರ ನೆನಪಾದ. 1209ರ ಕಾವ್ಯ, ಎಂಟುನೂರು ವರ್ಷವಾಗಿದೆ. ತಾಯಿ ಬಲಿ ಬೇಕೆಂದಳೆಂದು, ಜೀವ ತೆಗೆಯಲಾರದೆ, ಅರಸ ಹಿಟ್ಟಿನ ಹುಂಜ ಮಾಡಿಸಿ ಕಡಿಯುತ್ತಾನೆ. ಆ ಹಿಟ್ಟೇ ಕೂಗಿಬಿಡುತ್ತದೆ. ಅದರ ಪಾಪಕ್ಕೆ ತಾಯಿ ಮಗ ಇಬ್ಬರೂ ಜನ್ಮದ ಮೇಲೆ ಜನ್ಮ ತಿರುಗಿ ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಧರ್ಮದ ಮಾತು ಕಿವಿಗೆ ಬಿದ್ದು ಹಳೆಯದೆಲ್ಲ ನೆನಪಾಗಿ, ಸಂತೋಷ ತಡೆಯದೆ ಕೂಗಿದರೆ, ಆಗ ರಾಜನಾಗಿರುವವನು, ಹಿಂದಿನ ಜನ್ಮದ ಮಗನೇ, ಹೆಂಡತಿಗೆ ಶಬ್ದವೇಧಿ ವಿದ್ಯೆ ತೋರಿಸಲು ಆ ಸದ್ದಿಗೇ ಬಾಣ ಬಿಡುತ್ತಾನೆ. ಚುಕ್ಕಿ ಕೊಟ್ಟ ದುಡ್ಡು ಇನ್ನೂ ಶರ್ಟಿನ ಜೇಬಿನಲ್ಲಿತ್ತು. ಅವ್ವ ಅದರಲ್ಲಿ ಮೊಮ್ಮಗಳಿಗೆ ಹಬ್ಬದ ಬಟ್ಟೆ ತೆಗಿ ಅಂದಳು. ತೆಗೆದೆ.

ಹಬ್ಬ ಕಳೆದು ಊರಿಗೆ ಹೊರಟೆವು, ಅವ್ವ, ನಾನು, ವೈರ್ ಬುಟ್ಟಿಯಲ್ಲಿ ಪಾಪಣ್ಣ. ಬಸ್ಸಿನಲ್ಲಿ ಹಕ್ಕಿಗೂ ಟಿಕೆಟ್ಟು ಹರಿಯುತ್ತಾರೆಂಬುದು ಗೊತ್ತಿದ್ದೇ ಕಾರ್ಡ್ ಜೊತೆ ಚಿಲ್ಲರೆಯನ್ನೂ ತೆಗೆದಿಟ್ಟುಕೊಂಡಿದ್ದೆ. 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ಅವರ ಪಂಜರದ ನಾಲ್ಕು ಲವ್‌ಬರ್ಡ್ಸ್‌ಗೆ ಮಾತ್ರ 444 ರೂಪಾಯಿ ಆದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕಂಡಕ್ಟರ್ ಅವ್ವನ ಆಧಾರ್ ನೋಡಿ ಸೊನ್ನೆ ರೂಪಾಯಿ ಚೀಟಿ ಕೊಟ್ಟ. ಬುಟ್ಟಿಯೊಳಗೆ ಬಗ್ಗಿ ನೋಡಿ, "ಯಾಟೆ ಆಗಿದ್ರೆ ಇದಕ್ಕೂ ಫ್ರೀ ಮಾಡ್‌ಬೋದಿತ್ತು ಅಜ್ಜಿ, ಹುಂಜ ಆಗೋಯ್ತಲ್ಲ" ಎಂದು ಅರ್ಧ ಟಿಕೆಟ್ ಹರಿದ.

ಬಸ್ಸು ಊರು ದಾಟಿ ಕಬ್ಬಿನ ಗದ್ದೆಗಳ ನಡುವೆ ಬಿದ್ದಾಗ ಹನ್ನೊಂದರ ಹೊತ್ತು. ಪಾಪಣ್ಣ ಬುಟ್ಟಿಯಿಂದ ಕತ್ತು ಹೊರಗೆ ಹಾಕಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕ್ಯಾಪ್ಟನ್ ಇಲ್ಲ, ಮೈಕಾಸುರ ಇಲ್ಲ. ಎದೆ ಉಬ್ಬಿಸಿ ಒಂದು ಬಿಟ್ಟ ನೋಡಿ, ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವರು ತಮ್ಮ ಸ್ಟಾಪು ಬಂತೆಂದು ಎದ್ದು ನಿಂತರು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಪಾಪಣ್ಣ ಇನ್ನೊಂದು ಬಿಟ್ಟ.

"ಏನಜ್ಜಿ, ಅರ್ಧ ಟಿಕೆಟ್ ತಗಂಡು ಫುಲ್ ಕೂಗ್ತದಲ್ಲ!" ಅಂದ ಕಂಡಕ್ಟರ್.

"ಅದ್ಕೆ ಇಷ್ಟ್ ದಿನ ಪಾಳಿ ಬಂದಿರ್ನಿಲ್ಲ ಕಣಪ್ಪ" ಅಂದಳು ಅವ್ವ. "ಕೂಗ್ಲಿ ಬುಡು. ನಾಗಮಂಗ್ಲ ಇನ್ನೂ ದೂರ ಅದೆ."